ಹನ್ನೊಂದನೇ ನಿಮಿಷದ ಮೊಣಕೈ

ಆ ಜೋಡಿಯ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಸೋಮವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕದಂತೆ ಕಾವಲು ನಿಂತಿದ್ದೆ. ನಡುಮನೆಯಿಂದ ಮಗನ ದನಿ ಬಂತು.

"ಒಂದೊಂದಾಗಿ ಬಿಟ್ರೆ ಎರಡೂ ಚೆನ್ನಾಗೇ ಓಡ್ತವೆ ಕಣೇ. ಪಕ್ಕಪಕ್ಕ ಬಿಟ್ಟರೆ ಮಾತ್ರ ಹನ್ನೊಂದೇ ನಿಮಿಷ. ಆಮೇಲೆ ಕ್ರ್ಯಾಶ್!"

ನಮ್ಮ ಯಜಮಾನರು ಮೂವತ್ತೊಂದು ವರ್ಷ ಬಸ್ ಓಡಿಸಿದವರು. ಅವರ ಹೆಂಡತಿಯಾದವಳು ಅಂಥ ಮಾತು ಕೇಳಿಯೂ ಹಾಲಿನ ಮುಂದೆ ನಿಂತಿರುವುದುಂಟೇ? ಸೌಟು ಹಿಡಿದುಕೊಂಡೇ ಓಡಿದೆ.

"ಯಾರಿಗಾದ್ರೂ ಪೆಟ್ಟಾಯ್ತೇನೋ? ಒಳಗೆ ಎಷ್ಟು ಜನ ಇದ್ರು?"

"ಅಯ್ಯೋ ಅಮ್ಮ, ಬಸ್ಸಲ್ಲ, ವಿಡಿಯೋ!"

(ಅಷ್ಟರಲ್ಲಿ ಹಾಲು ಉಕ್ಕಿತು. ಅದರ ಪಾಪ ಕಂಪ್ಯೂಟರಿಗೆ ಸೇರಿದ್ದು, ನನಗಲ್ಲ.)

ವಿಷಯ ಇಷ್ಟೇ. ನನ್ನ ಸೊಸೆ ಟೈಲರ್. ಅವಳು ಹೊಲಿದ ಬಟ್ಟೆಯ ಒಳಮೈ ಯಾವುದು ಹೊರಮೈ ಯಾವುದು ಎಂದು ಹುಡುಕಬೇಕು, ಅಷ್ಟು ಚೊಕ್ಕ ಕೆಲಸ. (ಇದನ್ನು ಅವಳ ಮುಂದೆ ನಾನು ಹೇಳಿಲ್ಲ.) ಹೊಲಿಗೆ ಕಲಿಸುವ ಶಾಲೆಯೊಂದರಲ್ಲಿ ಟೀಚರ್ ಆಗಬೇಕೆಂಬುದು ಅವಳ ಬಹುದಿನದ ಆಸೆ. ಹೋದ ವರ್ಷ ಸಂದರ್ಶನಕ್ಕೆ ಹೋದಳು. ಮೇಜಿನಾಚೆ ಐದು ಜನ ಕೂತಿದ್ದರಂತೆ. ಬಾಯಿ ಒಣಗಿ, ತನ್ನ ಹೆಸರೊಂದನ್ನು ಹೇಳಿ, ಎದ್ದು ಬಂದುಬಿಟ್ಟಳು. ಒಂದು ವಾರ ಮಷಿನ್ ಮುಟ್ಟಲಿಲ್ಲ. ಈ ವರ್ಷ ಶಾಲೆಯವರೇ ದೊಡ್ಡ ಮನಸ್ಸು ಮಾಡಿ, ಮನೆಯಲ್ಲೇ ಪಾಠ ಮಾಡಿ ವಿಡಿಯೋ ಕಳಿಸಿ ಎಂದಿದ್ದರು. ಮನೆಯಲ್ಲಾದರೆ ಬಾಯಿ ಒಣಗುವುದಿಲ್ಲವಲ್ಲ. (ಒಣಗಿದ್ದನ್ನು ನಾನಂತೂ ಕಂಡಿಲ್ಲ.)

ಆದರೆ ಅವರ ಷರತ್ತುಗಳು ಜೋರಾಗಿದ್ದವು. ಶರ್ಟಿಗೆ ಕಾಲರ್ ಕೂರಿಸುವ ಪಾಠ, ಪೂರಾ ಅರ್ಧ ಗಂಟೆ. ಪರದೆಯ ಎಡಗಡೆ ಟೀಚರ ಮುಖ, ಬಲಗಡೆ ಟೀಚರ ಕೈ, ಎರಡೂ ಒಟ್ಟೊಟ್ಟಿಗೆ. ನಡುವೆ ಎಲ್ಲೂ ಕತ್ತರಿಸಿ ಅಂಟಿಸುವಂತಿಲ್ಲ. ಬುಧವಾರ ಸಂಜೆ ಐದಕ್ಕೆ ಬಾಗಿಲು ಬಂದ್.

ಭಾನುವಾರ ಚಿತ್ರೀಕರಣವಾಯಿತು. ಮುಖಕ್ಕೆ ಮಗನ ಫೋನು, ಕೈಗೆ ಮಗನ ಸ್ನೇಹಿತನ ಕ್ಯಾಮೆರಾ. ಆ ಸ್ನೇಹಿತ ಕೈಯ ವಿಡಿಯೋವನ್ನು ಒಂದು ಕರಿ ಡಬ್ಬಿಗೆ ತುಂಬಿ ಕೊಟ್ಟು, ಅವತ್ತೇ ಕ್ಯಾಮೆರಾ ಸಮೇತ ಪರವೂರಿಗೆ ಹೊರಟುಹೋದ. ಹಾಗಾಗಿ ಇನ್ನೊಮ್ಮೆ ತೆಗೆಯೋಣವೆನ್ನುವ ಮಾತೇ ಇರಲಿಲ್ಲ. ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲಿ ಮುಖಕ್ಕೆ ಮಾತ್ರ ಜಾಗ ಸಿಕ್ಕಿತು. ಕೈ ಡಬ್ಬಿಯಲ್ಲೇ ಉಳಿಯಿತು. ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ, ಕಂಪ್ಯೂಟರ್ ಮೇಜಿನ ಮೇಲೆ, ನಡುವೆ ಒಂದು ವೈರು.

ಚಿತ್ರೀಕರಣಕ್ಕೆ ಮೊದಲು ಮಗ ನನ್ನ ಹತ್ತಿರ ಬಂದ.

"ಅಮ್ಮ, ಶುರು ಮಾಡೋಕೆ ಮುಂಚೆ ನೀನು ಜೋರಾಗಿ ಒಂದು ಚಪ್ಪಾಳೆ ಹೊಡಿ."

"ಇನ್ನೂ ಸೂಜಿಗೆ ದಾರ ಪೋಣಿಸಿಲ್ಲ, ಆಗ್ಲೇ ಚಪ್ಪಾಳೆನಾ? ಮೊದ್ಲು ಹೊಲೀಲಿ. ಕಾಲರ್ ನೆಟ್ಟಗೆ ಕೂತ್ರೆ ಹೊಡೀತೀನಿ."

"ಮೆಚ್ಕೊಳ್ಳೋಕಲ್ಲಮ್ಮ! ಎರಡು ಕ್ಯಾಮೆರಾಕ್ಕೂ ಒಂದೇ ಶಬ್ದ ಕೇಳ್ಬೇಕು. ಆಮೇಲೆ ಆ ಶಬ್ದ ಹಿಡ್ಕೊಂಡು ಎರಡನ್ನೂ ಸರಿಗೆ ಸರಿ ಜೋಡಿಸೋದು."

"ಯಾತಕ್ಕಾದ್ರೂ ಇರ್ಲಿ. ಚಪ್ಪಾಳೆ ಅಂದ್ರೆ ಚಪ್ಪಾಳೆ. ಸುಮ್ ಸುಮ್ನೆ ಹೊಡೆಯೋಕಾಗಲ್ಲ."

ಸೊಸೆ ಮಷಿನ್ನಿನ ಹಿಂದಿನಿಂದ, "ಬಿಡ್ರಿ, ಅತ್ತೆ ಕೈಯಿಂದ ಒಂದು ಚಪ್ಪಾಳೆ ಬೀಳ್ಬೇಕಾದ್ರೆ ನಾನಿನ್ನೂ ಎಷ್ಟು ಸಾವಿರ ಶರ್ಟ್ ಹೊಲೀಬೇಕೋ!" ಎಂದಳು.

ಕೊನೆಗೆ ನಾನೇ ಒಂದು ಸ್ಟೀಲ್ ತಟ್ಟೆಗೆ ಸೌಟಿನಿಂದ ಠಣ್ ಎಂದು ಬಾರಿಸಿದೆ. ಕ್ಯಾಮೆರಾಗಳಿಗೂ ಕೇಳಿಸಿತು, ನನ್ನ ಮಾತೂ ಉಳಿಯಿತು. ಆಮೇಲೆ ಬಾಯಿ ಹೊಲಿದುಕೊಂಡವಳಂತೆ ಮೂಲೆಯಲ್ಲಿ ಕೂತಿದ್ದೆ. ಹನ್ನೊಂದನೇ ನಿಮಿಷದಲ್ಲಿ ಒಂದು ದಾರದ ಉಂಡೆ ಉರುಳಿ ಬಂತು. ಎತ್ತಿಡಲು ಬಗ್ಗಿದೆ. ಅಷ್ಟೇ ನಾನು ಮಾಡಿದ ಅಪರಾಧ. ನನ್ನ ಮೊಣಕೈ ಎಡಗಡೆಯ ವಿಡಿಯೋದೊಳಗೆ ಪ್ರವೇಶ ಮಾಡಿ, ಮೂರು ಕ್ಷಣ ದರ್ಶನ ಕೊಟ್ಟು, ನಿರ್ಗಮಿಸಿತು.

ಈಗ ಮರೆಮಾಚುವುದೇಕೆ? ಎಪ್ಪತ್ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ವಿಡಿಯೋದಲ್ಲಿ ಹಿಡಿದಿರಲಿಲ್ಲ. ಆ ಠಣ್ ಶಬ್ದ ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಯಜಮಾನರ ತೂಗುಕುರ್ಚಿಯಲ್ಲಿ ಕೂರುತ್ತಿದ್ದೆ. ಕೆಳಗೆ ಎರಡು ಬಾಗಿದ ಮರದ ಪಟ್ಟಿಗಳಿರುವ, ಹಿಂದೆ ಮುಂದೆ ತೂಗುವ ಕುರ್ಚಿ ಅದು. ಹತ್ತು ನಿಮಿಷ ಹಿಂದಕ್ಕೆ ಒರಗಿ, ಹನ್ನೊಂದನೆಯದು ಬಂದಾಗ ಮುಂದಕ್ಕೆ ಬಾಗಿ ಮೊಣಕೈ ನೋಡುವುದು. ಬರೀ ಕೈಯ ವಿಡಿಯೋ ಹಾಕಿದ್ದರೆ ಕುರ್ಚಿಯ ಹತ್ತಿರ ಸುಳಿಯುತ್ತಿರಲಿಲ್ಲ. ಸೊಸೆಯ ಕೈಯನ್ನು ದಿನವೂ ನೋಡುತ್ತೇನಲ್ಲ, ಅದರಲ್ಲೇನಿದೆ?

ಮಗನಿಗೆ ಔಷಧದ ಅಂಗಡಿಯಲ್ಲಿ ಕೆಲಸ. ಕಂಪ್ಯೂಟರಿಗೂ ಅವನು ಅಲ್ಲಿಯ ವೈದ್ಯವನ್ನೇ ಮಾಡಿದ. ಆರಿಸಿ ಹಚ್ಚುವುದು, ದಿನಕ್ಕೆ ಮೂರು ಸಲ, ಊಟದ ನಂತರ. ಗುಣವಾಗದಿದ್ದಾಗ ಸಾಫ್ಟ್‌ವೇರನ್ನೇ ಕಿತ್ತು ಹೊಸದಾಗಿ ಹಾಕಿದ. ಆಗಲೂ ಅದೇ ಹನ್ನೊಂದನೇ ನಿಮಿಷಕ್ಕೆ ಪರದೆ ಬೆಳ್ಳಗಾಗಿ, ಎರಡೂ ವಿಡಿಯೋ ಮಾಯವಾಗಿ, ಕ್ಷಮಿಸಿ ಎಂದೊಂದು ಚೀಟಿ ಬಂತು. (ನಮ್ಮ ಮನೆಯಲ್ಲಿ ಕ್ಷಮಿಸಿ ಎಂದು ಮೊದಲು ಹೇಳಿದ್ದು ಆ ಕಂಪ್ಯೂಟರೇ.)

ಸೋಮವಾರ ಮಧ್ಯಾಹ್ನ ಫೋನಿನಲ್ಲಿ ಮಗ ಯಾರಿಗೋ ಹೇಳುತ್ತಿದ್ದ: "ಸಿಂಕ್ ಪ್ರಾಬ್ಲಮ್ಮು. ಸಿಂಕ್ ಮಾಡೋಕೆ ಹೋದ್ರೆ ಎಲ್ಲಾ ನಿಂತೋಗತ್ತೆ. ಎರಡು ದಿನದಲ್ಲಿ ಸರಿಯಾಗ್ದೆ ಇದ್ರೆ ನಮ್ಮನೆಯವಳ ಕೆಲಸ ಹೋದ ಹಾಗೇ."

ಸಿಂಕ್ ಕಟ್ಟಿಕೊಂಡಿದ್ದಕ್ಕೆ ಸೊಸೆಯ ಕೆಲಸ ಯಾಕೆ ಹೋಗಬೇಕು ಎಂದು ತಿಳಿಯಲಿಲ್ಲ, ಆದರೆ ಕೇಳಿದರೆ ಇನ್ನೊಂದು "ಅಯ್ಯೋ ಅಮ್ಮ" ಗ್ಯಾರಂಟಿ. ಮನೆಯ ಹಿರಿಯಳಾಗಿ ನನ್ನ ಕರ್ತವ್ಯ ನಾನು ಮಾಡಿದೆ. ಅಡುಗೆಮನೆಯ ಸಿಂಕಿನ ಜಾಲರಿ ಕಿತ್ತು ತೊಳೆದೆ. ಪ್ಲಂಬರ್‌ಗೆ ಫೋನ್ ಮಾಡಿದೆ. "ಬುಧವಾರ ಬರ್ತೀನಿ ಅಜ್ಜಿ" ಎಂದ.

ಮಂಗಳವಾರ ಬೆಳಿಗ್ಗೆ ಮಗ ಹೊಸ ರೋಗ ಕಂಡುಹಿಡಿದ.

"ಗೊತ್ತಾಯ್ತು! ಡ್ರೈವರ್ ಹಳೇದಾಗಿದೆ. ಅದಕ್ಕೇ ಕ್ರ್ಯಾಶ್ ಆಗ್ತಿರೋದು. ಹಳೇ ಡ್ರೈವರ್ ತೆಗೆದು ಬಿಸಾಕ್ಬೇಕು."

ನಾನು ಗೋಡೆಯ ಮೇಲಿದ್ದ ಯಜಮಾನರ ಫೋಟೋ ನೋಡಿದೆ. ಖಾಕಿ ಅಂಗಿ, ಎದೆಯ ಮೇಲೆ ಬಿಲ್ಲೆ.

"ಏನಂದೆ? ಮೂವತ್ತೊಂದು ವರ್ಷ ಒಂದು ಕೋಳಿಮರಿಗೂ ಗಾಲಿ ತಾಗಿಸಿದವರಲ್ಲ ನಿಮ್ಮಪ್ಪ! ಬಿಸಾಕ್ತೀಯಾ? ಮುಟ್ಟು ನೋಡೋಣ ಆ ಫೋಟೋನ!"

"ಅಯ್ಯೋ ಅಮ್ಮ, ಕಂಪ್ಯೂಟರ್ ಒಳಗಿನ ಡ್ರೈವರ್ರು!"

"ಅದ್ರೊಳಗೂ ಡ್ರೈವರ್ ಇದಾನಾ? ಹಾಗಾದ್ರೆ ಕಂಡಕ್ಟರ್ ಎಲ್ಲಿ ಸತ್ತ? ಹನ್ನೊಂದನೇ ನಿಮಿಷಕ್ಕೆ ಸೀಟಿ ಊದೋದು ಅವನೇ ಇರ್ಬೇಕು."

ಹೊಸ ಡ್ರೈವರ್ ಬಂದ. ಹಳೆಯ ಜಾಗದಲ್ಲೇ ಗಾಡಿ ಗುದ್ದಿದ.

ಆಗ ಮಗನ ದೃಷ್ಟಿ ನನ್ನ ಮೇಲೆ ಬಿತ್ತು. "ಪ್ರತಿ ಸಲ ಅಮ್ಮನ ಮೊಣಕೈ ಬಂದ ಕೂಡ್ಲೇ ನಿಲ್ಲತ್ತೆ. ಆ ಜಾಗದಲ್ಲೇ ಫೈಲ್ ಕೆಟ್ಟಿರ್ಬೇಕು."

"ನನ್ನ ಮೊಣಕೈಯಿಂದ ಕಂಪ್ಯೂಟರ್ ಕೆಡ್ತಾ? ಅದೇನು ಮೊಣಕೈನೋ ಸಿಡಿಲೋ?"

ಸೊಸೆ ಮಾತ್ರ ಜಗಳಕ್ಕೆ ಬರಲಿಲ್ಲ. ಕಾಲರ್ ಕೂರಿಸಿದ ಆ ಶರ್ಟನ್ನು ನಾಲ್ಕು ಮಡಿಕೆ ಮಾಡಿ ಬೀರುವಿನ ಕೆಳಗಿನ ಅರೆಗೆ ತಳ್ಳಿದಳು. "ಈ ಸಲಾನೂ ಅಷ್ಟೇ ಬಿಡಿ" ಎಂದು ಮಷಿನ್ನಿಗೆ ಮುಸುಕು ಹಾಕಿದಳು. ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಮ್ಮ ಯಜಮಾನರಿಗೆ ಒಂದು ಅಭ್ಯಾಸವಿತ್ತು. ಬಸ್ಸು ಕೆಟ್ಟು ನಿಂತರೆ ಬಾನೆಟ್ ತೆಗೆಯುವ ಮೊದಲು ಪುಸ್ತಕ ತೆಗೆಯುತ್ತಿದ್ದರು. ದಿನ, ಹೊತ್ತು, ಜಾಗ, ಗಾಡಿಯಲ್ಲಿ ಯಾರಿದ್ದರು, ಎಲ್ಲ ಬರೆದಿಟ್ಟು ಆಮೇಲೆ ಕೈ ಹಾಕುವುದು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನೆನಪಿನ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅವತ್ತು ಕ್ಯಾಲೆಂಡರಿನ ಹಿಂಭಾಗದಲ್ಲಿ ಏಳೂ ಅಪಘಾತಗಳನ್ನು ಕ್ರಮವಾಗಿ ಬರೆದೆ. ನನ್ನ ಮೊಣಕೈ ನಿರಪರಾಧಿ ಎಂದು ರುಜುವಾತಾಗಲಿ ಎಂಬುದೇ ಉದ್ದೇಶ.

ಬುಧವಾರ ಹತ್ತಕ್ಕೆ ಪ್ಲಂಬರ್ ಬಂದ. ಸಿಂಕಿಗೆ ಒಂದು ಚೊಂಬು ನೀರು ಸುರಿದ. ಗುಳುಗುಳು ಎಂದು ಇಳಿದುಹೋಯಿತು.

"ಸಿಂಕ್ ಚೆನ್ನಾಗೇ ಇದೆಯಲ್ಲ ಅಜ್ಜಿ?"

"ಚೆನ್ನಾಗಿದ್ಯಾ? ಸಿಂಕ್ ಸರಿಯಾಗ್ದೆ ಸೊಸೆ ಕೆಲಸ ಹೋಗೋ ಹಾಗಾಗಿದೆಯಪ್ಪಾ!"

ನಡುಮನೆಯಲ್ಲಿ ಮಗ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಅಮ್ಮ! ಸಿಂಕ್ ಅಂದ್ರೆ ಎರಡು ವಿಡಿಯೋನ ಒಂದೇ ಹೊತ್ತಿಗೆ ಹೊಂದಿಸೋದು!"

"ಅದಕ್ಕೂ ಪಾತ್ರೆ ತೊಳೆಯೋ ಜಾಗದ ಹೆಸರೇ ಬೇಕಾಗಿತ್ತಾ?"

"ಪ್ಲಂಬರ್‌ನ ಕರೆಸಿದ್ದಾರೆ!" ಎಂದಳು ಸೊಸೆ. ಮೂರು ದಿನದ ಮೇಲೆ ಅವಳು ನಕ್ಕಿದ್ದು ಆಗಲೇ. "ಇನ್ನು ಟೈರಿನ ಅಂಗಡಿಯವನನ್ನೂ ಕರೆಸಿಬಿಡಿ ಅತ್ತೆ, ಡ್ರೈವರಿಗೆ ಜೊತೆಯಾಗತ್ತೆ."

ಪ್ಲಂಬರ್ ಮಾತ್ರ ಹೊರಡಲಿಲ್ಲ. ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡ.

"ನಂಗೆ ಕಂಪ್ಯೂಟರ್ ಗೊತ್ತಿಲ್ಲ ಸಾರ್. ಆದ್ರೆ ಸೋರೋದು ಗೊತ್ತು. ಎಲ್ಲಿ ಸೋರ್ತಿದೆ ಅಂತ ತಿಳೀದಿದ್ರೆ ನಾವು ಎಲ್ಲಾ ವಾಲ್ವ್ ಮುಚ್ಚಿಬಿಡ್ತೀವಿ. ಆಮೇಲೆ ಒಂದೊಂದೇ ತೆಗೆದು ನೋಡೋದು. ಯಾವಾಗ ಸೋರತ್ತೆ, ಯಾವಾಗ ಸೋರಲ್ಲ, ಯಾರಾದ್ರೂ ಬರೆದಿಟ್ಟಿದೀರಾ?"

ಜೀವಮಾನದಲ್ಲಿ ಒಮ್ಮೆ ಬರುವ ಗಳಿಗೆ ಅದು. ನಾನು ಕ್ಯಾಲೆಂಡರ್ ತಂದು ಅವನ ಮುಂದೆ ಹಿಡಿದೆ. ಅವನು ಬೆರಳಿಟ್ಟು ಜೋರಾಗಿ ಓದಿದ.

"ಸೋಮವಾರ, ಏಳು ಇಪ್ಪತ್ತು. ಗಾಡಿಯಲ್ಲಿದ್ದವರು, ಮಗ, ಸೊಸೆ, ನಾನು..."

"ಅದು ಅಡುಗೆಮನೆಯಿಂದ ಕೇಳಿದ ಹೊತ್ತು. ಗುದ್ದಿದ್ದು ಅದಕ್ಕೆ ಸ್ವಲ್ಪ ಮುಂಚೆ," ಎಂದು ನಾನು ನಿಖರವಾಗಿ ತಿದ್ದಿದೆ. "ಮೊಣಕೈ ನೋಡಿ, ಹಾಲು ನೆನಪಾಗಿ, ಆಗಷ್ಟೇ ಒಳಗೆ ಹೋಗಿದ್ದೆ."

"ಸೋಮವಾರ ಎಂಟೂವರೆ. ಮಗ, ನಾನು. ಮಧ್ಯಾಹ್ನ ಎರಡು. ಮಗ, ನಾನು. ಸಂಜೆ ಆರು. ಸೊಸೆ, ನಾನು..." ಅವನ ದನಿ ನಿಧಾನವಾಯಿತು. ಏಳನೆಯದನ್ನು ಓದಿ ಚಹಾದ ಲೋಟ ಕೆಳಗಿಟ್ಟ. "ಅಜ್ಜಿ, ಒಂದು ಉಪಕಾರ ಮಾಡಿ. ಸ್ವಲ್ಪ ಹೊತ್ತು ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಳ್ಳಿ."

"ಯಾಕಪ್ಪಾ?"

"ಒಂದು ವಾಲ್ವ್ ಮುಚ್ಚಿ ನೋಡ್ತೀನಿ."

ನನ್ನನ್ನು ವಾಲ್ವ್ ಎಂದದ್ದು ಅವನೇ ಮೊದಲು. ಹೋಗಿ ನಿಂತೆ. ಠಣ್ ಎಂದಿತು. ಹತ್ತು ನಿಮಿಷವಾಯಿತು. ಹನ್ನೊಂದು. ಹನ್ನೆರಡು. ಮಗ ಉಸಿರು ಹಿಡಿದು ಕೂತಿದ್ದ. ಅಷ್ಟು ದೂರದಿಂದ ನನ್ನ ಮೊಣಕೈ ಕಾಣಿಸಲೇ ಇಲ್ಲ. ನೋಡಲು ಬೇರೇನೂ ಇಲ್ಲದ್ದರಿಂದ ಬಲಗಡೆಯದನ್ನು ನೋಡಿದೆ. ಸೊಸೆಯ ಬೆರಳು ಬಟ್ಟೆಯನ್ನು ಎಳೆಯುತ್ತಿರಲಿಲ್ಲ, ಬಟ್ಟೆಯೇ ಕೇಳಿ ಕೇಳಿ ಬೆರಳಿನ ಹಿಂದೆ ಬರುತ್ತಿತ್ತು. ಕಾಲರಿನ ಮೂಲೆ ತಿರುಗಿಸುವಾಗ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ, "ಇಲ್ಲಿ ಅವಸರ ಮಾಡ್ಬೇಡಿ" ಎಂದಳು. ದಿನವೂ ಪಕ್ಕದಲ್ಲೇ ಇರುತ್ತೇನೆ, ಅದನ್ನು ಕಂಡದ್ದು ಆವತ್ತೇ. ಮೂವತ್ತು ನಿಮಿಷ ಪೂರ್ತಿ ಓಡಿ ವಿಡಿಯೋ ತಾನಾಗಿ ಮುಗಿಯಿತು.

"ಈಗ ವಾಲ್ವ್ ತೆಗೀರಿ," ಎಂದ ಪ್ಲಂಬರ್. ನಾನು ಬಂದು ಕುರ್ಚಿಯಲ್ಲಿ ಕೂತೆ. ಮತ್ತೆ ಠಣ್. ಹನ್ನೊಂದನೇ ನಿಮಿಷ ಬಂತು. ನಿಜವಾಗಿ ಹೇಳುತ್ತೇನೆ, ಈ ಸಲ ಬಾಗಬಾರದು ಎಂದುಕೊಂಡಿದ್ದೆ. ಆದರೆ ಮೊಣಕೈ ಬಂದೇಬಿಟ್ಟಿತಲ್ಲ, ಬಾಗಿದೆ. ಪರದೆ ಬೆಳ್ಳಗಾಯಿತು. ಕ್ಷಮಿಸಿ ಎಂಬ ಚೀಟಿ ಬಂತು.

ಪ್ಲಂಬರ್ ನೆಲಕ್ಕೆ ಮಂಡಿಯೂರಿ, ಕುರ್ಚಿಯ ಕೆಳಗೆ ಹಾಸಿದ್ದ ಚಾಪೆಯ ಅಂಚು ಎತ್ತಿದ. ಕಿಟಕಿಯ ಡಬ್ಬಿಯಿಂದ ಬಂದ ವೈರು ನನ್ನ ಕುರ್ಚಿಯ ಪಟ್ಟಿಯ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿತ್ತು.

"ಸೋರ್ತಿರೋದು ಇಲ್ಲಿ ಸಾರ್. ಅಜ್ಜಿ ಮುಂದಕ್ಕೆ ಬಾಗಿದ್ರೆ ಪಟ್ಟಿ ವೈರ್ ಮೇಲೆ ಬರತ್ತೆ. ಡಬ್ಬಿಯಿಂದ ಸರಬರಾಜು ಬಂದ್."

ಮಗ ಬಾಯಿ ಬಿಟ್ಟುಕೊಂಡು ನಿಂತ. "ಹೌದಲ್ಲ! ಮುಖದ್ದೊಂದೇ ಹಾಕಿದ್ರೆ ಡಬ್ಬಿ ಬೇಕಾಗಿಲ್ಲ, ಅಮ್ಮ ಬಾಗಿದ್ರೂ ಏನೂ ಆಗ್ತಿರ್ಲಿಲ್ಲ. ಕೈಯದೊಂದೇ ಹಾಕಿದ್ರೆ ಅಮ್ಮ ಬರ್ತಾನೇ ಇರ್ಲಿಲ್ಲ. ಎರಡೂ ಹಾಕಿದಾಗ ಮಾತ್ರ..."

"ಪೂರ್ತಿ ಹೇಳ್ಬೇಡ, ಅರ್ಥ ಆಯ್ತು," ಎಂದೆ.

"ಅಜ್ಜಿ ಬರೆದಿಟ್ಟಿದ್ದಕ್ಕೆ ಸಿಕ್ತು," ಎಂದು ಪ್ಲಂಬರ್ ನನ್ನ ಮಾನ ಕಾಯಲು ನೋಡಿದ. ತನ್ನ ವಿರುದ್ಧ ಏಳು ಸಾಕ್ಷಿಗಳನ್ನು ತಾನೇ ಬರೆದು, ತಾನೇ ಒಪ್ಪಿಸಿದ ಅಪರಾಧಿ ಬೇರೆ ಯಾವ ಮನೆಯಲ್ಲೂ ಇರಲಾರಳು. ನಮ್ಮ ಯಜಮಾನರು ಫೋಟೋದಲ್ಲಿ ಎಂದಿನಂತೆ ರಸ್ತೆ ನೋಡುತ್ತಿದ್ದರು. ಮೂವತ್ತೊಂದು ವರ್ಷ ಅವರು ಮಾಡದ್ದನ್ನು ಅವರ ಕುರ್ಚಿಯಲ್ಲಿ ಕೂತು ನಾನು ಮೂರು ದಿನದಲ್ಲಿ ಎಂಟು ಸಲ ಮಾಡಿದ್ದೆ.

ಪ್ಲಂಬರ್ ಪೈಪಿಗೆ ಹೊಡೆಯುವ ಕ್ಲಿಪ್ಪುಗಳಿಂದ ವೈರನ್ನು ಗೋಡೆಗುಂಟ ಮೇಲೇರಿಸಿ ಹೋದ. ಮಗ ಎರಡು ಠಣ್‌ಗಳನ್ನು ಒಂದು ಮಾಡಿ, ಎರಡು ವಿಡಿಯೋಗಳನ್ನು ಒಂದು ಮಾಡಿ ಮುಗಿಸುವಷ್ಟರಲ್ಲಿ ಮೂರು ಗಂಟೆ ದಾಟಿತು. ಆಮೇಲೆ ಕಳಿಸುವುದು. ಪರದೆಯ ಮೇಲೆ ಒಂದು ಹಸಿರು ಗೆರೆ ಇರುವೆಯ ಹಾಗೆ ತೆವಳತೊಡಗಿತು. ಸೊಸೆ ಕಣ್ಣು ಮಿಟುಕಿಸದೆ ಕೂತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲಿನ ಆಚೆಗೆ ಹೆಬ್ಬೆರಳೂ ಹೋಗದಂತೆ ನಿಂತಿದ್ದೆ.

ನಾಲ್ಕು ನಲವತ್ತಾರಕ್ಕೆ ತಲುಪಿದೆ ಎಂದು ಬಂತು.

ಮಗ ಕುರ್ಚಿಯಿಂದ ಎದ್ದು ಮೈಮುರಿದ. ಸೊಸೆ ಬೀರು ತೆಗೆದು, ಕೆಳಗಿನ ಅರೆಯಿಂದ ಆ ಶರ್ಟನ್ನು ಹೊರಗೆಳೆದು, ಕೊಡವಿ, ಹ್ಯಾಂಗರಿಗೆ ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಿಜ ಹೇಳಿ ಅತ್ತೆ. ಕಾಲರ್ ನೆಟ್ಟಗೆ ಕೂತಿದ್ಯಾ?"

"ಕೂತಿದೆ," ಎಂದೆ. "ಮೂಲೆ ತಿರುಗಿಸಿದ್ದಂತೂ ಚೆನ್ನಾಗಿದೆ." ಅಷ್ಟು ಹೇಳಿದ್ದೇ ಹೆಚ್ಚಾಯಿತೆಂದು ತೂಗುಕುರ್ಚಿಯ ಕಡೆ ಒಂದು ಹೆಜ್ಜೆ ಇಟ್ಟೆ.

"ಹಾಗಾದ್ರೆ ಭಾನುವಾರ ಹೊಡೀದೆ ಎತ್ತಿಟ್ಕೊಂಡಿದ್ದೀರಲ್ಲ ಅತ್ತೆ, ಆ ಚಪ್ಪಾಳೆನ ಈಗ ಹೊಡೀರಿ," ಎಂದಳು. "ಆದ್ರೆ ಕೂತ್ಕೋಬೇಡಿ. ಅಲ್ಲೇ ನಿಂತ್ಕೊಂಡು."