ಗದ್ದೆಪ್ಪನ ನಕಾಶೆಯೂ ಚಂದ್ರಿ ಎಮ್ಮೆಯೂ

"ತುಂಗಭದ್ರೆಗೇ ದಾರಿ ತೋರಿಸಿದ ಕೈ ಇದು! ಈ ಹಳೇ ಮನಿ ಯಾವ ಲೆಕ್ಕ?"

ಎಂಬತ್ತೊಂಬತ್ತರ ಬೇಸಿಗೆಯ ಒಂದು ಭಾನುವಾರ, ಮಸ್ಕಿಯ ತನ್ನ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯ ನಡುವೆ ನಿಂತು ಗದ್ದೆಪ್ಪ ಹೀಗೆ ಘರ್ಜಿಸಿದ. ಆ ಕೈಯ ವಿಚಾರ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸಿಂಧನೂರಿನ ಕಾಲುವೆ ಕಚೇರಿಯೊಂದರಲ್ಲಿ, ಇಂಜಿನಿಯರು ಬರೆದ ನಕಾಶೆಯ ಮೇಲೆ ತೆಳು ಹಾಳೆ ಹಾಸಿ, ಗೆರೆಯ ಮೇಲೆ ಗೆರೆ ಎಳೆಯುವ ಕೈ ಅದು. ನದಿ ಎತ್ತ ಹರಿಯಬೇಕೆಂದು ಆ ಕೈಯನ್ನು ಯಾರೂ ಕೇಳಿದ್ದಿಲ್ಲ!

ಮನೆಯನ್ನೇ ಬದಲಿಸುವ ಈ ಪ್ರತಿಜ್ಞೆಗೆ ಕಾರಣ ಒಂದು ಬಾಲ. ಆ ಸೀಮೆಯ ಹಳೆಯ ಮನೆಗಳಂತೆ ಇಲ್ಲಿಯೂ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ. ಆಮೇಲೆ ಪಡಸಾಲೆ, ಅದರಾಚೆ ಅಡುಗೆಮನೆ, ಕೊನೆಗೆ ಹಿತ್ತಲು. ಹಾಗಾಗಿ ಎಂಥ ದೊಡ್ಡವರೇ ಬರಲಿ, ಚಂದ್ರಿ ಎಂಬ ಎಮ್ಮೆಯ ದರ್ಶನ ಪಡೆದೇ ಒಳಗೆ ಬರಬೇಕು. ಲಿಂಗಸುಗೂರಿನಲ್ಲಿ ಹೊಸ ಆರ್‌ಸಿಸಿ ಮನೆ ಕಟ್ಟಿಸಿದ ಹೆಂಡತಿಯ ತಮ್ಮ ಸೂಗಪ್ಪ ಬಂದಾಗ, ಚಂದ್ರಿ ಬಾಲ ಬೀಸಿ ಅವನ ಬಿಳಿ ಸಫಾರಿಯ ಮೇಲೆ ಹಸಿರು ಮೊಹರು ಒತ್ತಿಬಿಟ್ಟಿತು.

"ಮಾವಾರ, ನಿಮ್ಮನ್ಯಾಗ ಎಮ್ಮಿ ರುಜು ಹಾಕಿದ ಮ್ಯಾಲೇ ಒಳಗ ಬಿಡ್ತೀರೇನ್ರಿ?" ಎಂದು ಸೂಗಪ್ಪ ನಕ್ಕ. "ನಮ್ಮನಿಗೆ ಬರ್ರಿ, ಹಾಲ್‌ನ್ಯಾಗ ಫ್ಯಾನಿನ ಕೆಳಗ ಕುಂದ್ರಸ್ತೀನಿ!"

ಆ ನಗು ಸಿಂಧನೂರಿನ ಬಸ್ಸಿನಲ್ಲೂ ಗದ್ದೆಪ್ಪನ ಪಕ್ಕದ ಸೀಟಿನಲ್ಲೇ ಕೂತು ಬರತೊಡಗಿತು.

ನಕಾಶೆ ತಯಾರಾಯಿತು. ದನದ ಜಾಗ ಅಳಿದು ಹಾಲ್ ಉದಯಿಸಿತು! ಹಿತ್ತಲಲ್ಲಿ ತಗಡಿನ ಕೊಟ್ಟಿಗೆ ಎದ್ದಿತು. ಹಾಳೆ ಖಾಲಿ ಕಾಣಬಾರದೆಂದು ಗದ್ದೆಪ್ಪ ಎರಡು ಚಿತ್ರಗಳನ್ನೂ ಬರೆದ. ಹಾಲ್‌ನಲ್ಲಿ, ಫ್ಯಾನಿನ ಕೆಳಗೆ, ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ ಸ್ವತಃ ಗದ್ದೆಪ್ಪ. ಕೊಟ್ಟಿಗೆಯಲ್ಲಿ ಚಂದ್ರಿ. ಕೊಂಬಿಗೆ ನೆರಳನ್ನೂ ಕೊಟ್ಟ.

ಹೆಂಡತಿ ಅಮರಮ್ಮ ನಕಾಶೆ ನೋಡಿದಳು. ಓಣಿಯ ಅರ್ಧ ಮನೆಗಳ ಚಹಾಕ್ಕೆ ಚಂದ್ರಿಯ ಹಾಲೇ ಆಗಬೇಕು. ಓಣಿಯಲ್ಲಿ ಅಮರಮ್ಮನ ಮಾತಿಗೆ ತೂಕ ಬಂದದ್ದೂ ಅದೇ ಹಾಲಿನಿಂದ.

"ಹಿಂಡೋದು ನಾನು, ಹಿಂಡಿಸ್ಕೊಳ್ಳೋದು ಅದು. ನಮ್ಮನ್ನೊಂದು ಮಾತು ಕೇಳಬಾರದೇನ್ರೀ?"

"ನಕಾಶಿ ವಿಚಾರ ನಿನಗೂ ತಿಳಿಯಂಗಿಲ್ಲ, ಎಮ್ಮಿಗೂ ತಿಳಿಯಂಗಿಲ್ಲ!"

"ಇಬ್ಬರನ್ನೂ ಒಂದ ಸಾಲಿನ್ಯಾಗ ನಿಲ್ಲಿಸಿದ್ರಿ. ಛಲೋ ಆತು. ನೆನಪಿಟ್ಕೋತೀನಿ."

ಚಂದ್ರಿಯನ್ನು ಅದು ಹುಟ್ಟಿದ ಊರು ತುರ್ವಿಹಾಳಕ್ಕೆ, ಅಮರಮ್ಮನ ತವರಿಗೆ ಕಳಿಸಿ ಕೆಲಸ ಶುರುವಾಯಿತು. ಗೌಂಡಿ ದಸ್ತಗೀರ್‌ಸಾಬ್ ಮೇವು ಹಾಕುವ ಗೋದಲಿ ಕಿತ್ತ, ನೆಲಕ್ಕೆ ನುಣುಪಾದ ಶಹಾಬಾದ್ ಕಲ್ಲು ಹಾಸಿದ. ಗೋಡೆಗೆ ನೀಲಿ ಬಣ್ಣ ಬಂತು, ತೊಲೆಗೆ ಫ್ಯಾನು ಬಂತು, ಅದರ ಕೆಳಗೆ ಬೆತ್ತದ ಕುರ್ಚಿಗಳು ಬಂದವು. "ಶನಿವಾರ ಬಂದು ಹಾಲ್ ನೋಡು" ಎಂದು ಸೂಗಪ್ಪನಿಗೆ ಆಹ್ವಾನವೂ ಹೋಯಿತು.

ಶುಕ್ರವಾರ ಚಂದ್ರಿ ಮರಳಿತು. ತಲೆಬಾಗಿಲ ಮುಂದೆ ಅದರ ಹಗ್ಗ ಹಿಡಿದ ಅಮರಮ್ಮ ತಣ್ಣಗೆ ಕೇಳಿದಳು:

"ರೀ, ಇದು ಹಿತ್ತಲಿಗೆ ಯಾವ ಕಡಿಯಿಂದ ಹೋಗಬೇಕು?"

ಗದ್ದೆಪ್ಪ ಎಡಕ್ಕೆ ನೋಡಿದ: ನೆರೆಮನೆ ಮೆಹಬೂಬ್‌ಬೀಯ ಗೋಡೆ. ಬಲಕ್ಕೆ ನೋಡಿದ: ಗಿರಿಯಮ್ಮನ ಗೋಡೆ. ನಡುವೆ ಇಲಿ ನುಸುಳುವಷ್ಟೂ ಸಂದಿಲ್ಲ! ಹಿತ್ತಲ ಹಿಂದೆ ಗುಡ್ಡದ ಬಂಡೆ. ನಕಾಶೆ ಬಿಚ್ಚಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಎಮ್ಮೆ ಇತ್ತು, ಕೊಟ್ಟಿಗೆ ಇತ್ತು. ಎಮ್ಮೆ ಕೊಟ್ಟಿಗೆಗೆ ಹೋಗುವ ದಾರಿ ಮಾತ್ರ ಇರಲಿಲ್ಲ!

"ದಸ್ತಗೀರ್‌ಸಾಬ್, ನೀನಾದ್ರೂ ಹೇಳಬಾರದೇನೋ ಮಾರಾಯ?"

"ಕಟಿಗಿ ಇಡಾಕ ತಗಡು ಹಾಕಸಾಕತ್ತೀರಿ ಅಂದ್ಕೊಂಡಿದ್ದೆ ಸಾಬ್! ಎಮ್ಮಿ ಏನ್ ಹಾರಿ ಹೋಗ್ತದ?"

ಉಳಿದದ್ದು ಒಂದೇ ಮಾರ್ಗ. ಮನೆಯೊಳಗಿಂದ ದಂಡಯಾತ್ರೆ! ಮುಂದೆ ಹಸಿ ಹುಲ್ಲು ಹಿಡಿದ ಗದ್ದೆಪ್ಪ, ಹಿಂದೆ ತಳ್ಳುವ ದಸ್ತಗೀರ್‌ಸಾಬ್. ಹೊಸ ಕಲ್ಲಿನ ಮೇಲೆ ಚಂದ್ರಿ ಜಾರಲಿಲ್ಲ, ಹಾಸಿದವನೇ ಜಾರಿ ಅಂಗಾತ ಬಿದ್ದ. ಪಡಸಾಲೆಯಲ್ಲಿ ಜೋಳದ ಚೀಲವೊಂದು ಚಂದ್ರಿಯ ಕೊಂಬಿಗೆ ಹರಿಯಿತು. ಅಡುಗೆಮನೆಯಲ್ಲಿ ಅದರ ಹೊಟ್ಟೆ ಬಾಗಿಲಿಗೆ ಸಿಕ್ಕಿಕೊಂಡಿತು. ಮಡಕೆಗಳ ಸಾಲು ಮೇಲಿನಿಂದ ಒಂದೊಂದಾಗಿ ಇಳಿದು ವಂದಿಸಿತು. ಕೊನೆಗೆ ಹಿತ್ತಲು!

ಗದ್ದೆಪ್ಪ ಬೆವರು ಒರೆಸಿಕೊಂಡು ಜಯಘೋಷ ಮಾಡಬೇಕೆನ್ನುವಷ್ಟರಲ್ಲಿ, ಹಿಂಡಲು ಕೂತ ಅಮರಮ್ಮನ ಚರಿಗೆ ಚಂದ್ರಿಯ ಒದೆಗೆ ಹಾರಿ ಟಣ್ಣೆಂದು ಬಂಡೆಗೆ ಬಡಿಯಿತು. ಹೊಸ ಜಾಗದಲ್ಲಿ ಚಂದ್ರಿ ಒಂದು ಹನಿಯನ್ನೂ ಇಳಿಸಲಿಲ್ಲ. ಸಂಜೆಯೂ ಇಲ್ಲ, ಮರುದಿನ ಬೆಳಗ್ಗೆಯೂ ಇಲ್ಲ. ಬಾಗಿಲಲ್ಲಿ ತಂಬಿಗೆಗಳ ಸಾಲು ಬೆಳೆಯಿತು.

"ಅಮರವ್ವ, ನನ್ನ ಚಾ ಏನಾಕ್ಕೈತವ್ವ?" ಎಂದಳು ಗಿರಿಯಮ್ಮ. "ನಾಳಿಂದ ಬ್ಯಾರೆ ಕಡೆ ನೋಡ್ಕೋಬೇಕೇನು?"

ಅಮರಮ್ಮನ ಮುಖ ಸಣ್ಣಗಾಯಿತು. ಇಷ್ಟು ವರ್ಷದಲ್ಲಿ, ಚಂದ್ರಿ ಮನೆಯಲ್ಲಿದ್ದಾಗ ಆ ಬಾಗಿಲಿಂದ ಯಾರೂ ಖಾಲಿ ತಂಬಿಗೆ ಹಿಡಿದು ಹೋದದ್ದಿಲ್ಲ. ಅವಳು ಗಂಡನತ್ತ ತಿರುಗಿದಳು.

"ಹಾಲ್ ಬಂತು, ಹಾಲು ಹೋತು! ನದಿಗೆ ದಾರಿ ತೋರಿಸಿದವರಿಗೆ ಒಂದು ಎಮ್ಮಿಗೆ ದಾರಿ ತೋರ್ಸಾಕ ಆಗಲಿಲ್ಲಲ್ರೀ! ಎತ್ರಿ ನಿಮ್ಮ ಕುರ್ಚಿ!"

ಬೆತ್ತದ ಕುರ್ಚಿಗಳು ಹಿತ್ತಲಿಗೆ ಹೊರಟವು. ಹಗ್ಗ ಬಿಚ್ಚಿದ್ದೇ ತಡ, ಚಂದ್ರಿಗೆ ಹುಲ್ಲೂ ಬೇಕಾಗಲಿಲ್ಲ, ತಳ್ಳುವವರೂ ಬೇಕಾಗಲಿಲ್ಲ. ಹೊಟ್ಟೆ ಎಳೆದುಕೊಂಡು ಅಡುಗೆಮನೆ ದಾಟಿತು, ಪಡಸಾಲೆ ದಾಟಿತು, ಗೋದಲಿ ಇದ್ದ ಜಾಗಕ್ಕೇ ಹೋಗಿ ಗಟ್ಟಿಯಾಗಿ ನಿಂತಿತು. ಅದು ಸರಿಯಾಗಿ ಫ್ಯಾನಿನ ಕೆಳಗೆ! ಗಾಳಿಗೆ ಕಿವಿ ಇಳಿಬಿಟ್ಟು ಕಣ್ಣು ಅರೆ ಮುಚ್ಚಿತು. ಚರಿಗೆ ನೊರೆಗಟ್ಟಿ ತುಂಬಿತು. ತಂಬಿಗೆಗಳೆಲ್ಲ ನಗುತ್ತ ಮನೆಗೆ ಹೋದವು.

ಆ ಹೊತ್ತಿಗೇ ಸೂಗಪ್ಪ ಬಂದ. ನೀಲಿ ಗೋಡೆ ನೋಡಿದ, ಹೊಳೆಯುವ ನೆಲ ನೋಡಿದ, ಫ್ಯಾನಿನ ಕೆಳಗೆ ಮೆಲುಕು ಹಾಕುತ್ತಿದ್ದ ಯಜಮಾನಿಯನ್ನು ನೋಡಿದ. ಬಾಲಕ್ಕೆ ಸಿಗದಂತೆ ಗೋಡೆಗೆ ಅಂಟಿಕೊಂಡೇ ಒಳಗೆ ಬಂದ.

"ಅಕ್ಕಾ, ಮಾವಾರು ಎಲ್ಲಿ ಅದಾರ?"

"ಕೊಟ್ಟಿಗ್ಯಾಗ."

ಹಿತ್ತಲಲ್ಲಿ, ತಗಡಿನ ಕೆಳಗೆ, ಬೆತ್ತದ ಕುರ್ಚಿಯಲ್ಲಿ ಗದ್ದೆಪ್ಪ ನಕಾಶೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಅಮರಮ್ಮ ಗಟ್ಟಿ ಹಾಲಿನ ಚಹಾ ತಂದು ಕೈಗಿಟ್ಟಳು. ಒಂದು ಗುಟುಕು ಇಳಿಯುತ್ತಲೇ ಗದ್ದೆಪ್ಪನಿಗೆ ಲೋಕ ಅಷ್ಟೇನೂ ಕೆಟ್ಟದೆನಿಸಲಿಲ್ಲ.

ಸೂಗಪ್ಪ ನಕಾಶೆ ಇಸಿದುಕೊಂಡು ಬಹಳ ಹೊತ್ತು ನೋಡಿದ. "ಮಾವಾರ, ಏನೋ ತಪ್ಪಾಗೈತಿ ಅಂತ ಅಕ್ಕ ಅಂದ್ಲು. ಎಲ್ಲೈತಿ ತಪ್ಪು?"

ಉತ್ತರ ಕೊಟ್ಟದ್ದು ಅಮರಮ್ಮ.

"ನಕಾಶಿ ಖರೇ ಐತಿ ತಮ್ಮಾ. ಚಿತ್ರ ಎರಡೇ ಅದಲಿಬದಲಿ ಆಗ್ಯಾವ."