ಶೋಕೇಸಿಗೆ ಹೋದ ಗುಜರಿ

ನಮ್ಮ ಓಣಿಯಲ್ಲಿ ಗುಟ್ಟೆಂಬುದು ಮೊದಲಾದರೆ ಎರಡು ದಿನ ನಿಲ್ಲುತ್ತಿತ್ತು. ಈ ಪ್ಲಾಸ್ಟಿಕ್ ಬಂದ ಮೇಲೆ ಸಂಜೆಯವರೆಗೂ ಇಲ್ಲ. ಯಾರ ಮನೆಯಲ್ಲಿ ಎಂತ ಖಾಲಿಯಾಯಿತೆಂದು ಗುಜರಿ ಅಂಗಡಿಯೇ ಹೇಳುತ್ತಿತ್ತು. ನಾನು ಬರೇ ಕೇಳಿಸಿಕೊಳ್ಳುವವಳು.

ಮೂರನೇ ರಾಶಿ

ಓಣಿಯ ತುದಿಯ ಗುಜರಿ ಕಾಕ ಪ್ಲಾಸ್ಟಿಕ್ಕಿಗೆ ಬೆಂಕಿಕಡ್ಡಿ ಹಿಡಿದು, ಹೊಗೆ ಮೂಸಿ, ಜಾತಿ ಹೇಳುತ್ತಿದ್ದರು. ಹಾಲಿನ ತೊಟ್ಟೆ, ಪ್ಯಾಕೆಟು ಒಂದು ರಾಶಿ, ಒಡೆದ ಬಕೆಟು ಇನ್ನೊಂದು. ಮೂರನೆಯದು ಗಲ್ಫಿನಿಂದ ಬಂದ ಖಾಲಿ ಶಾಂಪೂ ಬಾಟ್ಲಿ, ಪೌಡರ್ ಡಬ್ಬಿ.

"ಕಾಕ, ಇದನ್ನು ಬೇರೆ ಕರಗಿಸುವುದಾ?"

"ಕರಗಿಸುವುದು ಎಂತಕ್ಕೆ ಅಮ್ಮ? ತೊಳೆದಿಟ್ಟರೆ ಮರ್ಯಾದಸ್ಥರು ಸೆರಗಿನಡಿ ಕೊಂಡುಹೋಗ್ತಾರೆ. ಶೋಕೇಸಿಗೆ."

ಎಲ್ಲರಿಗಿಂತ ಹೆಚ್ಚು ಕೊಂಡುಹೋದದ್ದು ನಮ್ಮ ವಾರ್ಡಿನ ಮೆಂಬರರ ಹೆಂಡತಿ. ಮಗಳಿಗೆ ವಾಮಂಜೂರಿನ ದೊಡ್ಡ ಮನೆಯ ಸಂಬಂಧ ಬಂದಿತ್ತು. ತನ್ನ ತಮ್ಮ ದುಬೈಯಲ್ಲಿದ್ದಾನೆಂದು ಹೇಳಿಬಿಟ್ಟಿದ್ದಳು, ಶೋಕೇಸಿನಲ್ಲಿ ಸಾಕ್ಷಿ ಬೇಕಿತ್ತು. ತಮ್ಮ ಇದ್ದದ್ದು ಇಲ್ಲೇ ಉಳ್ಳಾಲದಲ್ಲಿ, ಕೆಲಸವಿಲ್ಲದೆ ಮಲಗಿಕೊಂಡು.

ಮೆಂಬರರ ಡ್ರಮ್ಮು

ಅದೇ ಸಮಯಕ್ಕೆ ಮೆಂಬರರು ಓಣಿಯಲ್ಲಿ ಪ್ಲಾಸ್ಟಿಕ್ಕಿಗೊಂದು ಡ್ರಮ್ಮು ಇಡಿಸಿ, "ಪ್ಲಾಸ್ಟಿಕ್ ಬೇರೆ, ಕಸ ಬೇರೆ" ಎಂದು ಭಾಷಣ ಬಿಗಿದರು. ಬಿದ್ದದ್ದು ಬರೇ ಮೀನಿನ ತಲೆ. ತೊಟ್ಟೆಯನ್ನೂ ತೊಳೆದು ಬಟ್ಟೆ ಹಾಕುವ ಸರಿಗೆಯಲ್ಲಿ ಒಣಗಿಸುವ ಕಾಲ, ಬಿಸಾಡುವವರು ಯಾರು?

"ಸ್ವಾಮೀ, ಮೊದಲು ನಿಮ್ಮ ಮನೆಯದ್ದು ಹಾಕಿ" ಎಂದೆ.

ಮೆಂಬರರಿಗೆ ರೋಷ ಬಂತು. ಹುಡುಗನ ಕಡೆಯವರು ಬರುವ ಹಿಂದಿನ ದಿನ, ಹೆಂಡತಿ ಮಾರ್ಕೆಟಿಗೆ ಹೋಗಿದ್ದಾಗ, ಶೋಕೇಸಿನ ಖಾಲಿ ಬಾಟ್ಲಿಗಳನ್ನೆಲ್ಲ ಡ್ರಮ್ಮಿಗೆ ಸುರಿದುಬಿಟ್ಟರು. ಅವಳು ಬಂದದ್ದೇ, "ಡ್ರಮ್ಮು ತುಂಬಿತು, ನೋಡು!" ಎಂದರು ಎದೆಯುಬ್ಬಿಸಿ.

"ಮಗಳ ಮದುವೆಯೂ ಅದರಲ್ಲೇ ಉಂಟು, ನೀವೇ ನೋಡಿ!"

ಕುವೈತು ದೂರ

ಈ ಜಗಳ ಮುಗಿಯುವಷ್ಟರಲ್ಲಿ ಕಾಕ ಡ್ರಮ್ಮಿನ ಮಾಲನ್ನು ಅಂಗಡಿಗೆ ಸಾಗಿಸಿ ಆಗಿತ್ತು. ಮೆಂಬರರ ಹೆಂಡತಿ ಓಡಿದಳು. ನಾನೂ ಹಿಂದೆಯೇ ಹೋದೆ, ಉಪ್ಪಿನಕಾಯಿಗೆ ಡಬ್ಬಿ ಬೇಕಿತ್ತಲ್ಲ.

ಅಲ್ಲಿ ಒಬ್ಬ ಹೆಂಗಸು ಬೆನ್ನು ತಿರುಗಿಸಿ ಕೂತು, ಮೂರನೇ ರಾಶಿಯಿಂದ ಬಾಟ್ಲಿ ಆರಿಸುತ್ತಿದ್ದಳು.

"ಅದು ನನ್ನದು, ಬಿಡಿ!" ಎಂದು ಇವಳು ಬಾಟ್ಲಿಗೆ ಕೈಹಾಕಿದಳು. ಆ ಹೆಂಗಸು ತಿರುಗಿದಳು. ನೋಡಿದರೆ, ಹುಡುಗನ ತಾಯಿ! ಹುಡುಗನ ಮಾವ ಕುವೈತಿನಲ್ಲಿದ್ದಾನೆಂದು ಆ ಕಡೆಯವರೂ ಹೇಳಿದ್ದರು. ಮೆಂಬರರ ಕಡೆಯವರು ಮನೆ ನೋಡಲು ಹೋಗುವ ಮೊದಲು ಅಲ್ಲಿಯೂ ಶೋಕೇಸು ತುಂಬಬೇಕಿತ್ತು. ವಾಮಂಜೂರಿನಲ್ಲಿ ಕೊಂಡರೆ ಗುರುತಾಗುತ್ತದಲ್ಲ! ಹುಡುಗಿಯ ಮನೆ ಇದೇ ಓಣಿಯಲ್ಲೆಂದು ಪಾಪ, ಗೊತ್ತಿರಲಿಲ್ಲ.

"ನಿಮಗೂ ಗಲ್ಫ್ ಸಾಮಾನು ಇಲ್ಲಿಂದಲೇ ಬರುವುದಾ ಅಕ್ಕ?" ಎಂದು ಕೇಳಿದಳು ಮೆಂಬರರ ಹೆಂಡತಿ.

"ಹೌದು ಮಾರಾಯ್ತಿ. ಕುವೈತು ದೂರ."

ಬಾಟ್ಲಿಯನ್ನು ಇಬ್ಬರೂ ಬಿಡಲಿಲ್ಲ. ಸಂಬಂಧ ಮುರಿದರೆ ಇಬ್ಬರ ಮಾನವೂ ಬೀದಿಗೆ. ನಾನು ಬೇರೆ ಅಲ್ಲೇ ನಿಂತಿದ್ದೇನೆ. ಕೊನೆಗೆ ಅಲ್ಲೇ ಕೂತು ಪಾಲು ಮಾಡಿಕೊಂಡರು. ಶಾಂಪೂ ಹುಡುಗನ ಕಡೆಗೆ, ಪೌಡರು ಹುಡುಗಿಯ ಕಡೆಗೆ. ಮರುದಿನ ಮದುವೆಯೂ ನಿಶ್ಚಯವಾಯಿತು.

ನಮ್ಮ ವಾರ್ಡಿನಲ್ಲಿ ಪ್ಲಾಸ್ಟಿಕ್ ಸರಿಯಾಗಿ ವಿಂಗಡಣೆಯಾದದ್ದು ಅದೊಂದೇ ಸಲ.