ಮೂವತ್ತು ಕಿಲೋ ನೆತ್ತಿಯ ಮೇಲೆ

ಆ ದಿನ ಬೆಳಿಗ್ಗೆ ಗುಮಾಸ್ತ ಮಾಡಿದ ತಪ್ಪು ಒಂದೇ. ಎತ್ತಬೇಡ ಎಂದು ಹೇಳಿದ್ದರೂ ಒಂದು ಸಲ ಎತ್ತಿ ನೋಡಿದ.

ಹೇಳಿದವರು ಎದುರು ಬಾಗಿಲಿನ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟು ಹತ್ತು ವರ್ಷವಾಗಿದ್ದರೂ ಅವರ ಕೊರಳಿನ ಸೀಟಿ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. ಹಿಂದಿನ ಸಂಜೆ ಬೆರಳು ಆಡಿಸಿ ಎಚ್ಚರಿಸಿದ್ದರು: "ನಾಳೆ ನಾಲ್ಕು ಗಂಟೆ ತನಕ ನೀರಿನ ಲೋಟಕ್ಕಿಂತ ಭಾರದ್ದು ಯಾವುದನ್ನೂ ಮುಟ್ಟಬೇಡ ಕಣಯ್ಯ. ಭುಜಕ್ಕೆ ರಜ. ತಿಳೀತಾ?"

ತಿಳಿದಿತ್ತು. ಆದರೆ ಮನೆಗೆ ಬೀಗ ಹಾಕಿ ಹೊರಟವನಿಗೆ ಅರ್ಧ ದಾರಿಯಲ್ಲಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಓಡುವಂತಾಗುತ್ತದಲ್ಲ, ಹಾಗೆ ಗುಮಾಸ್ತನಿಗೆ ಬೆಳಿಗ್ಗೆ ಆರಕ್ಕೇ ಅನುಮಾನ ಹುಟ್ಟಿತು. ಐದು ತಿಂಗಳು ಕೂಡಿಸಿಟ್ಟ ಶಕ್ತಿ ತೋಳಿನಲ್ಲೇ ಇದೆಯೋ, ನಿದ್ದೆಯಲ್ಲಿ ಸೋರಿಹೋಯಿತೋ?

ಅವನು ಬಣ್ಣದ ಡಬ್ಬಿಗಳ ಗೋದಾಮಿನಲ್ಲಿ ಲೆಕ್ಕ ಬರೆಯುವವನು, ಬೇಕಾದಾಗ ಡಬ್ಬಿ ಜೋಡಿಸುವವನೂ ಅವನೇ. ಐವತ್ತೆರಡು ಕಿಲೋ ತೂಕದ ನರಪೇತಲ. ಉದ್ದ ಕತ್ತು, ಸಣ್ಣ ಕಾಲು. ಗೋದಾಮಿನಲ್ಲಿ ಎಲ್ಲರೂ ಕರೆಯುತ್ತಿದ್ದುದು 'ಕೊಕ್ಕರೆ' ಎಂದೇ. ಐದು ತಿಂಗಳ ಹಿಂದೆ ಹೊಸದಾಗಿ ಬಂದ ಮ್ಯಾನೇಜರಮ್ಮ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಆರು ಜನ ಗುಮಾಸ್ತರೂ ಮೂವತ್ತು ಕಿಲೋದ ಡಬ್ಬಿಯನ್ನು ಭುಜದಿಂದ ನೆತ್ತಿಯ ಮೇಲಿನ ರ‍್ಯಾಕಿಗೆ ಮೂರು ಸಲ ಏರಿಸಬೇಕು. ಪರೀಕ್ಷೆ ವರ್ಷದ ಕೊನೆಗೆ. ಅದರ ಫಲಿತಾಂಶ ನೋಡಿ ಕೆಲಸ ಬದಲಾಯಿಸಲಾಗುವುದು. 'ಬದಲಾಯಿಸಲಾಗುವುದು' ಎಂಬುದನ್ನು ಆರೂ ಜನ 'ಮನೆಗೆ ಕಳಿಸಲಾಗುವುದು' ಎಂದೇ ಓದಿಕೊಂಡರು.

ಗುಮಾಸ್ತ ಅದೇ ಸಂಜೆ ಮೇಷ್ಟ್ರ ಕಾಲು ಹಿಡಿದ. ಮೇಷ್ಟ್ರು ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಒಂದು ಕಬ್ಬಿಣದ ಸರಳು, ಅದರ ತುದಿಗಳಿಗೆ ಹಾಕುವ ಬಿಲ್ಲೆಗಳು, ಒಂದು ಜೊತೆ ಡಂಬೆಲ್ ತಂದಿಟ್ಟರು. ಮೊದಲ ದಿನ ನಾಲ್ಕು ಕಿಲೋ ಡಂಬೆಲ್ ಎತ್ತಿದಾಗ ಅವನ ಕೈ, ಗಾಳಿಗೆ ಸಿಕ್ಕ ಬಟ್ಟೆಯ ಹಗ್ಗದಂತೆ ತೂಗಾಡಿತು.

"ಹಿಂದಕ್ಕೆ ಬಾಗಬೇಡ! ನೀನು ಬಿಲ್ಲಲ್ಲ, ಕಂಬ!" ಎಂದು ಮೇಷ್ಟ್ರು ಸೀಟಿ ಊದುತ್ತಿದ್ದರು. "ಹೊಟ್ಟೆ ಬಿಗಿ ಹಿಡಿ. ಸರಳು ಮೂಗು ಸವರಿಕೊಂಡು ಹೋಗ್ಲಿ. ಕೈಯಿಂದ ಎತ್ತೋನು ದಡ್ಡ, ನೆಲ ಒದ್ದು ಎತ್ತೋನು ಜಾಣ."

ವಾರಕ್ಕೆ ಒಂದು ಕಿಲೋ, ಅಷ್ಟೇ. ಅದಕ್ಕಿಂತ ಹೆಚ್ಚು ಹಾಕಲು ಮೇಷ್ಟ್ರು ಬಿಡುತ್ತಿರಲಿಲ್ಲ. ಖಾಲಿ ಸರಳಿನ ಹನ್ನೆರಡರಿಂದ ಹೊರಟು ಮೊನ್ನೆ ಭಾನುವಾರ ಮೂವತ್ತೆರಡು ಕಿಲೋ ಐದು ಸಲ ನೆತ್ತಿ ದಾಟಿತ್ತು. ಹೆಂಡತಿಗೆ ಮಾತ್ರ, ಗಾಳಿ ಕುಡಿಯಲು ತಾರಸಿಗೆ ಹೋಗುತ್ತೇನೆ ಎಂದಿದ್ದ. ಪರೀಕ್ಷೆಯ ಸುದ್ದಿ ಕೇಳಿದರೆ ಅವಳಿಗೆ ಊಟ ಸೇರುವುದಿಲ್ಲ ಎಂಬುದು ಅವನಿಗೆ ಗೊತ್ತು.

ಈಗ, ಪರೀಕ್ಷೆಯ ದಿನ ಬೆಳಿಗ್ಗೆ, ಟ್ಯಾಂಕಿನ ಹಿಂದೆ ನಿಂತು, ಒಂದೇ ಒಂದು ಸಲ ಎಂದುಕೊಂಡು ಸರಳು ಏರಿಸಿದ. ಹೂವೆತ್ತಿದಂತೆ ಹೋಯಿತು. ಸಮಾಧಾನದಿಂದ ಕಣ್ಣು ತೆರೆದರೆ ಎದುರಿಗೆ ಮೂರನೇ ಮಹಡಿಯ ಟೈಲರಮ್ಮ, ಒಣಗಿದ ಟವೆಲ್ ಎದೆಗೆ ಅವಚಿಕೊಂಡು ನಿಂತಿದ್ದಳು.

"ಅಮ್ಮಮ್ಮಾ! ಅಣ್ಣಾ, ನೀವಾ ಇದು!"

"ಶ್! ಯಾರಿಗೂ ಹೇಳ್ಬೇಡಮ್ಮ."

"ನಾನ್ಯಾಕೆ ಹೇಳ್ಲಿ? ಅಣ್ಣಾ, ಒಂದೇ ನಿಮಿಷ. ಬಟ್ಟೆ ಗಂಟೊಂದು ಅಟ್ಟಕ್ಕೆ ಹಾಕ್ಬೇಕು. ನಮ್ಮೆಜಮಾನ್ರಿಗೆ ಸ್ಟೂಲ್ ಹತ್ತಿದ್ರೆ ತಲೆ ಸುತ್ತುತ್ತೆ."

"ಇವತ್ತು ಬೇಡಮ್ಮ, ನಾಳೆ..."

"ಆಯ್ತು ಬಿಡಿ," ಎಂದು ಟೈಲರಮ್ಮ ಟವೆಲ್ ಮಡಿಸತೊಡಗಿದಳು. "ನಿಮ್ಮ ಮಗಳ ಯೂನಿಫಾರ್ಮನ್ನೂ ನಾಳೇನೇ ಹೊಲಿದ್ರಾಯ್ತು."

ಮಗಳಿಗೆ ಯೂನಿಫಾರ್ಮ್ ಬೇಕಿದ್ದುದು ಅಂದೇ. ಗುಮಾಸ್ತ ಗಂಟು ಎತ್ತಿದ. ಅದು ಗಂಟಲ್ಲ, ಗುಡ್ಡ. ಅಟ್ಟದ ಅಂಚಿನಲ್ಲಿ ಅದು ಎರಡು ಸಲ ಸಿಕ್ಕಿ ವಾಪಸು ಅವನ ಮುಖದ ಮೇಲೇ ಕೂತಿತು. ಮೂರನೇ ಸಲ ಒಳಗೆ ಹೋಯಿತು. ಹೋಗುವಾಗ ಅವನ ಬಲಭುಜದಲ್ಲಿ ಯಾರೋ ಸಣ್ಣಗೆ ಬೆಂಕಿಕಡ್ಡಿ ಗೀರಿದಂತಾಯಿತು.

ಅವನು ಎರಡು ಮಹಡಿ ಇಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಮನೆ ಸೇರಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ಗಾಳಿ ಕುಡಿಯೋಕೆ ಹೋಗ್ತಿದ್ರಾ ಗಾಳಿ? ಇಷ್ಟು ಶಕ್ತಿ ಇಟ್ಕೊಂಡು, ಸ್ಟೂಲ್ ಮೇಲೆ ನಿಂತು ಸೂಟ್‌ಕೇಸ್ ಇಳಿಸೋಕೆ ನನ್ನ ಬಿಡ್ತಿದ್ರಲ್ರೀ!"

"ಅದು ಹಾಗಲ್ಲ ಕಣೇ..."

"ಟೈಲರಮ್ಮನ ಅಟ್ಟ ಆದ್ರೆ ಆಗುತ್ತೆ, ಮನೆ ಅಟ್ಟ ಆಗಲ್ಲ. ಅಲ್ವಾ?"

ಒಳಗಿನಿಂದ ಅತ್ತೆಯ ದನಿ ತೇಲಿ ಬಂತು. "ಬಿಡೇ ತಾಯಿ. ಅಳಿಯಂದಿರಿಗೆ ಯಾಕೆ ತೊಂದರೆ? ಎರಡು ವರ್ಷದಿಂದ ನನ್ನ ಟ್ರಂಕು ಕಾಲಿಗೆ ಅಡ್ಡ ಸಿಗ್ತಾನೇ ಇದೆ. ಇನ್ನೂ ಎರಡು ವರ್ಷ ಎಡವ್ತೀನಿ. ಬಿದ್ರೆ ಬೀಳ್ತೀನಿ."

ಇದಕ್ಕೆ ಯಾವ ಅಳಿಯ ತಾನೇ ಇಲ್ಲ ಎನ್ನುತ್ತಾನೆ? ಟ್ರಂಕು ಬೀರುವಿನ ಮೇಲೆ ಹೋಯಿತು. ಅತ್ತೆ ನೋಡಿ, "ಸ್ವಲ್ಪ ಎಡಕ್ಕೆ" ಎಂದರು. ಇಳಿಸಿ ಎಡಕ್ಕೆ ಇಟ್ಟ. "ಅಯ್ಯೋ, ನನ್ನ ಶಾಲು ಅದರೊಳಗೇ ಇದೆಯಲ್ಲ" ಎಂದರು. ಮತ್ತೆ ಇಳಿಸಿ, ಶಾಲು ತೆಗೆದು, ಮತ್ತೆ ಏರಿಸಿದ. ಈಗ ಎಡಭುಜಕ್ಕೂ ಬೆಂಕಿ ಹತ್ತಿತು.

ಬಸ್ಸಿನಲ್ಲಿ ಕೈಗಳನ್ನು ಮಡಿಲಲ್ಲಿ ಹಸುಗೂಸುಗಳಂತೆ ಮಲಗಿಸಿಕೊಂಡು ಕೂತ. ಎರಡು ಸೀಟು ಹಿಂದೆ ಟೈಲರಮ್ಮನ ಗಂಡ ಕೂತಿದ್ದುದು ಅವನಿಗೆ ಕಂಡಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ನೆಲದ ಟೈಲ್ಸ್ ಮಾರುವವನೊಬ್ಬ ಮಾದರಿಗಳ ಪೆಟ್ಟಿಗೆ ಎಳೆದುಕೊಂಡು ಹತ್ತಿದ. ಪೆಟ್ಟಿಗೆ ದಾರಿಗೆ ಅಡ್ಡವಾಯಿತು. ಕಂಡಕ್ಟರ್ ರೇಗಿದ. "ಮೇಲಿಡ್ರೀ ಇದನ್ನ! ಇಲ್ಲಾಂದ್ರೆ ಇಳೀರಿ!"

"ಯಾರಾದ್ರೂ ಸ್ವಲ್ಪ ಕೈ ಹಾಕಿ ಸ್ವಾಮಿ," ಎಂದ ಟೈಲ್ಸಿನವನು.

"ಯಾರಾದ್ರೂ ಯಾಕೆ? ನಮ್ಮ ಬಿಲ್ಡಿಂಗಿನ ಪೈಲ್ವಾನ್ರು ಇಲ್ಲೇ ಕೂತಿದ್ದಾರೆ!" ಎಂದು ಹಿಂದಿನಿಂದ ಹೆಮ್ಮೆಯ ದನಿ ಬಂತು. "ಬೆಳಿಗ್ಗೆ ನನ್ನ ಹೆಂಡ್ತಿ ಕಣ್ಣಾರೆ ನೋಡಿದಾಳೆ!"

ಬಸ್ಸಿಗೆ ಬಸ್ಸೇ ತಿರುಗಿ ಆ ಐವತ್ತೆರಡು ಕಿಲೋವನ್ನು ನೋಡಿತು. ಯಾರೋ ಕಿಸಕ್ಕೆಂದರು. ಆ ನಗು ಕೇಳಿ ಗುಮಾಸ್ತನ ಕಿವಿ ಕೆಂಪಾಯಿತು. ಎದ್ದು ನಿಂತ. ಪೆಟ್ಟಿಗೆ ಎದೆಗೆ ಬಂತು, ಗದ್ದಕ್ಕೆ ಬಂತು. ಅಷ್ಟರಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಪೆಟ್ಟಿಗೆಯೂ ಅವನೂ ಜೋಡಿಯಾಗಿ ನಾಲ್ಕು ಹೆಜ್ಜೆ ಕುಣಿದು, ಕೊನೆಗೆ ಹೇಗೋ ಅದು ಮೇಲೆ ಕೂತಿತು. ಬಸ್ಸು ಚಪ್ಪಾಳೆ ತಟ್ಟಿತು. ಅವನು ಜೇಬಿನಿಂದ ಟಿಕೆಟ್ ತೆಗೆಯಲು ನೋಡಿದರೆ ಬೆರಳುಗಳು ಮಾತು ಕೇಳುತ್ತಿರಲಿಲ್ಲ.

ಟೈಲರಮ್ಮನ ಗಂಡ ಗೋದಾಮಿನ ಮುಂದೆಯೇ ಇಳಿದು ವಾಚ್‌ಮನ್‌ಗೆ ಎಲ್ಲವನ್ನೂ ಒಪ್ಪಿಸಿದ. ಹತ್ತೂವರೆಗೆ ಆರು ಗುಮಾಸ್ತರಲ್ಲೊಬ್ಬನಾದ, ಬಿಲ್ ಬರೆಯುವ ದಡಿಯ ಇವನ ಮೇಜಿನ ಬಳಿ ಬಂದು ನಿಂತ. ಗೋದಾಮಿನಲ್ಲೇ ದಪ್ಪನೆಯ ಆಳು; ಆದರೆ ಒಂದು ವಾರದಿಂದ ಸೊಂಟ ಹಿಡಿದುಕೊಂಡು ನರಳುತ್ತಿದ್ದ.

"ಕೊಕ್ಕರೆ, ನೀರಿನ ಕ್ಯಾನ್ ಖಾಲಿಯಾಗಿದೆ ಮಾರಾಯ. ಹೊಸದನ್ನ ತಲೆಕೆಳಗು ಮಾಡಿ ಏರಿಸ್ಬೇಕು. ನನ್ನ ಸೊಂಟ ನಿಂಗೊತ್ತಲ್ಲ."

"ಪರೀಕ್ಷೆ ಇದೆಯಲ್ಲೋ ನಾಲ್ಕಕ್ಕೆ!"

"ಅದಕ್ಕೇ ಅಭ್ಯಾಸ ಆಗ್ಲಿ ಅಂತ. ಎಲ್ರೂ ಬಾಯಾರಿ ಕೂತಿದ್ದಾರೆ ನೋಡು."

ಎಲ್ಲರೂ ನಿಜವಾಗಿಯೂ ಬಾಯಿ ತೆರೆದುಕೊಂಡೇ ಕೂತಿದ್ದರು. ಮಧ್ಯಾಹ್ನದೊಳಗೆ ಮೂರು ಅಂತಸ್ತಿನ ನಾಲ್ಕು ಕ್ಯಾನುಗಳನ್ನು ಅವನೇ ಏರಿಸಿದ. ಊಟದ ಹೊತ್ತಿಗೆ ಮೂಲೆಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದ. ಫೋನನ್ನು ಕಿವಿಗೆ ಏರಿಸಲಾಗದೆ ಕಿವಿಯನ್ನೇ ಮೇಜಿನ ಮೇಲಿನ ಫೋನಿಗೆ ಇಳಿಸಿದ.

"ಏನೇನು ಎತ್ತಿದೆ? ಸರಿಯಾಗಿ ಹೇಳು," ಎಂದರು ಮೇಷ್ಟ್ರು.

"ಒಂದ್ಸಲ ಸರಳು. ಆಮೇಲೆ ಒಂದು ಗಂಟು, ಅತ್ತೆ ಟ್ರಂಕು ಮೂರು ಸಲ, ಟೈಲ್ಸ್ ಪೆಟ್ಟಿಗೆ, ನಾಲ್ಕು ಕ್ಯಾನು."

ಆ ಕಡೆಯಿಂದ ಸೀಟಿ ಕೇಳಿತು. "ಲೋಟ ಅಂದಿದ್ದೆನಲ್ಲಯ್ಯ ನಾನು! ಲೋಟ! ಈಗಿನಿಂದ ನಾಲ್ಕರ ತನಕ ಕೈ ಕೆಳಗೆ. ದೇವರೇ ಬಂದು ಕರೆದ್ರೂ ಕೈ ಎತ್ತಿ ಮುಗೀಬೇಡ."

ಮೂರೂವರೆಗೆ ಕರೆದವರು ದೇವರಲ್ಲ, ಮ್ಯಾನೇಜರಮ್ಮ. ಅವರ ಕೋಣೆಯ ಫ್ಯಾನು ರಿಪೇರಿಯಾಗಿ ಬಂದಿತ್ತು. ಎಲೆಕ್ಟ್ರಿಷಿಯನ್ ಏಣಿಯ ತುದಿಯಲ್ಲಿದ್ದ.

"ನೀವೇ ಸರಿಯಾದೋರು ಅಂತ ಎಲ್ರೂ ಹೇಳಿದ್ರು. ಮೇಜು ಹತ್ತಿ ಒಂದ್ನಿಮಿಷ ಹಿಡ್ಕೊಳ್ಳಿ, ಅಷ್ಟೇ," ಎಂದರು ಮ್ಯಾನೇಜರಮ್ಮ.

ಎದುರಿಗಿದ್ದುದು ಅವನ ಕೆಲಸವನ್ನೇ ಕೈಯಲ್ಲಿ ಹಿಡಿದವರು. ಹತ್ತಿದ, ಹಿಡಿದ. ಫ್ಯಾನು ಐದು ಕಿಲೋ ಕೂಡ ಇರಲಿಲ್ಲ. ಆದರೆ ಎತ್ತಿ ಇಳಿಸುವುದು ಬೇರೆ, ಎತ್ತಿ ಹಿಡಿದು ನಿಲ್ಲುವುದು ಬೇರೆ.

ಟಣ್!

"ನಟ್ಟು ಬಿತ್ತು ಸಾರ್," ಎಂದ ಎಲೆಕ್ಟ್ರಿಷಿಯನ್. "ಅಲ್ಲಾಡ್ಬೇಡಿ. ವೈರು ಕಿತ್ತು ಬಂದ್ರೆ ಕಷ್ಟ." ಏಣಿ ಇಳಿದ. ಬೀರುವಿನ ಕೆಳಗೆ ತೂರಿದ. ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಆಮೇಲೆ ಅವನ ಫೋನು ಬಡಿದುಕೊಂಡಿತು. ಬೀರುವಿನ ಕೆಳಗಿನಿಂದಲೇ ಹೆಂಡತಿಯೊಂದಿಗೆ ಮಾತಾಡತೊಡಗಿದ. ಗುಮಾಸ್ತನ ಹಣೆಯ ಬೆವರು ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎಲ್ಲಿದೆ? ಕೆಳಗೆ ಗಾಜು ಹೊದಿಸಿದ ಮೇಜು. ಪಕ್ಕದಲ್ಲಿ ಮ್ಯಾನೇಜರಮ್ಮ. ಗೋಡೆಯ ಗಡಿಯಾರದಲ್ಲಿ ಮೂರು ಐವತ್ತು. ಮೂರು ಐವತ್ತೈದು. ಮೊಣಕೈಗಳು ಸಣ್ಣಗೆ ನಡುಗಿದವು. ಆಳುಕಾಳು ಕೈಕೊಟ್ಟರೆ ಯಾರಿಗಾದರೂ ಹೇಳಬಹುದು, ಕೈಗಳೇ ಕೈಕೊಟ್ಟರೆ?

ನಟ್ಟು ಸಿಕ್ಕಿದ್ದು ನಾಲ್ಕಕ್ಕೆ ಎರಡು ನಿಮಿಷ ಇರುವಾಗ. ಅವನು ಮೇಜಿನಿಂದ ಇಳಿದಾಗ ತೋಳುಗಳು ನೆನೆದ ಹಗ್ಗಗಳಂತೆ ಜೋತಾಡುತ್ತಿದ್ದವು.

ಪರೀಕ್ಷೆ ಶುರುವಾಯಿತು. ದಡಿಯ ಡಬ್ಬಿಯನ್ನು ಮೊಣಕಾಲ ತನಕ ತಂದು, "ಅಯ್ಯೋ ಸೊಂಟ" ಎಂದು ಕೂತುಬಿಟ್ಟ. ಮಿಕ್ಕ ನಾಲ್ವರಲ್ಲಿ ಇಬ್ಬರದು ಎದೆಯಲ್ಲೇ ನಿಂತಿತು. ಇಬ್ಬರು ಒಂದೊಂದು ಸಲ ಏರಿಸಿ ಬಿಟ್ಟರು. ಕೊನೆಗೆ ಕೊಕ್ಕರೆಯ ಸರದಿ.

ಡಬ್ಬಿಯನ್ನು ಭುಜಕ್ಕೆ ತಂದುಕೊಂಡ. ಹೊಟ್ಟೆ ಬಿಗಿದ. ಮೊದಲ ಸಲ ಹೋಯಿತು. ಹೇಗೆ ಹೋಯಿತೆಂದು ಅವನಿಗೇ ಗೊತ್ತಾಗಲಿಲ್ಲ. ಎರಡನೆಯದು ಹಣೆಯ ಹತ್ತಿರ ನಿಂತು, ಯೋಚಿಸಿ, ನಿಧಾನವಾಗಿ ರ‍್ಯಾಕಿಗೆ ಹೋಯಿತು. ಗೋದಾಮು ಉಸಿರು ಬಿಗಿಹಿಡಿಯಿತು.

ಮೂರನೆಯದು ಗದ್ದದ ಬಳಿ ನಿಂತಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಕಣ್ಣ ಮುಂದೆ ಕತ್ತಲೆ ಕವಿಯಿತು. ಆ ಕತ್ತಲೆಯಲ್ಲಿ ಮಗಳು, ಹೆಂಡತಿ, ತಿಂಗಳ ಕೊನೆಯ ಖಾಲಿ ಅಡಿಗೆಮನೆ ಒಂದರ ಹಿಂದೊಂದು ಹಾದುಹೋದವು. ಕೈಯಿಂದ ಎತ್ತೋನು ದಡ್ಡ! ಗುಮಾಸ್ತ ಇದ್ದಬದ್ದ ಪ್ರಾಣವನ್ನೆಲ್ಲ ಪಾದಕ್ಕಿಳಿಸಿ ನೆಲ ಒದ್ದ. ಡಬ್ಬಿ ಮೂಗು ಸವರಿತು, ಹಣೆ ದಾಟಿತು, ನೆತ್ತಿಯ ಮೇಲೆ ನಡುಗುತ್ತಾ ನಿಂತಿತು, ಧಡ್ ಎಂದು ರ‍್ಯಾಕಿನಲ್ಲಿ ಕೂತಿತು.

"ಭಲೇ ಕೊಕ್ಕರೆ!" ಎಂದು ಗೋದಾಮು ಕೂಗಿತು. ಅವನ ಕಣ್ಣಲ್ಲಿ ನೀರು ಬಂತು. ಜೀವನದಲ್ಲಿ ಮೊದಲ ಸಲ ಅವನು ಒಂದು ಪರೀಕ್ಷೆಯಲ್ಲಿ ಮೊದಲಿಗನಾಗಿದ್ದ. ಸೋತ ಐವರನ್ನು ನೋಡಿ ಪಾಪ ಅನ್ನಿಸಿತು. ಮನೆಯಲ್ಲಿ ಏನು ಹೇಳಿಕೊಳ್ಳುತ್ತಾರೋ!

ಮ್ಯಾನೇಜರಮ್ಮ ಕಾಗದದಲ್ಲಿ ಗುರುತು ಹಾಕಿಕೊಂಡು ತಲೆ ಎತ್ತಿದರು.

"ಯಾರೂ ಗಾಬರಿಯಾಗ್ಬೇಡಿ. ಭಾರ ಎತ್ತಿ ಯಾರ ಮೈಯೂ ಕೆಡಬಾರ್ದು ಅಂತಲೇ ಈ ಪರೀಕ್ಷೆ. ಎತ್ತೋಕೆ ಆಗದ ಐದೂ ಜನಕ್ಕೆ ಇನ್ನು ಮೇಲೆ ಡಬ್ಬಿ ಮುಟ್ಟೋ ಕೆಲಸ ಇಲ್ಲ. ಎತ್ತೋ ಯಂತ್ರ ಎರಡು ತರಿಸ್ತಿದ್ದೀನಿ. ಕುರ್ಚೀಲಿ ಕೂತು ಹಿಡಿ ಎಳೆದ್ರೆ ಸಾಕು. ಸಂಬಳಾನೂ ಸ್ವಲ್ಪ ಜಾಸ್ತಿ ಆಗುತ್ತೆ."

ದಡಿಯ ಸೊಂಟದಿಂದ ಕೈ ತೆಗೆದು ನೆಟ್ಟಗೆ ನಿಂತ.

"ಮತ್ತೆ... ನಾನು ಮೇಡಂ?" ಎಂದ ಗುಮಾಸ್ತ.

"ಹಿಂಬದಿಯ ಗೋದಾಮು ಇಕ್ಕಟ್ಟು ನೋಡಿ, ಅಲ್ಲಿಗೆ ಯಂತ್ರ ಹೋಗಲ್ಲ. ಅದರ ಮೇಲಿನ ರ‍್ಯಾಕು ಪೂರ್ತಿ ನಿಮ್ಮದು. ದೇವ್ರು ದೊಡ್ಡೋನು, ಒಬ್ರಾದ್ರೂ ಸಿಕ್ಕಿದ್ರಲ್ಲ!" ಮ್ಯಾನೇಜರಮ್ಮ ಮನಸಾರೆ ನಕ್ಕು, ಹೊರಡುವ ಮುನ್ನ ತಿರುಗಿ ನಿಂತರು. "ನಾಳೆ ಒಂದು ಗಂಟೆ ಮುಂಚೆ ಬಂದ್ಬಿಡಿ. ಆ ಎರಡು ಯಂತ್ರಾನ ಲಾರಿಯಿಂದ ಇಳಿಸೋಕೆ ಆಳು ಬೇಕು. ನಿಮ್ಮನ್ನ ಬಿಟ್ರೆ ಇಲ್ಲಿ ಇನ್ಯಾರ ಕೈಲಾಗುತ್ತೆ ಹೇಳಿ?"